ಹಳೆ ಕಾರಿಗೆ ಯಾವ ತಗಡು?

ಮಾನ್ಯ ಸಂಪಾದಕರೇ,

ಅಂಬಾಸಡರ್, ಪ್ರೀಮಿಯರ್ ಪದ್ಮಿನಿ, ಸ್ಟ್ಯಾಂಡರ್ಡ್ ಹೆರಾಲ್ಡ್‌ಗಳನ್ನು ಶೆಡ್ಡಿನಿಂದ ಹೊರಗೆಳೆದು ಟಿಂಕರಿಂಗಿಗೆ ಬಿಡುವವರು ಹುಬ್ಬಳ್ಳಿ-ಧಾರವಾಡದಲ್ಲಿ ಈಗಲೂ ಇದ್ದಾರೆ. ಗ್ಯಾರೇಜಿನಲ್ಲಿ ಅವರ ಮೊದಲ ಮಾತು, 'ಜಂಗು ಹಿಡಿಯದ ತಗಡು ಹಾಕಿ' ಎಂದು. ಅದಕ್ಕೆ ಒಬ್ಬರು ಸ್ಟೇನ್‌ಲೆಸ್ ಎನ್ನುತ್ತಾರೆ, ಇನ್ನೊಬ್ಬರು ಜಿ.ಐ. (ಸತು ಲೇಪಿಸಿದ ತಗಡು) ಎನ್ನುತ್ತಾರೆ, ಮತ್ತೊಬ್ಬರು ಮನೆಯ ಮಾಳಿಗೆಗೆ ಹೊದಿಸಿ ಉಳಿದ ಬಣ್ಣದ ಶೀಟನ್ನೇ ತೋರಿಸುತ್ತಾರೆ. ಮೂರೂ ಕಡೆ ದುಡ್ಡು ಹೋಗುತ್ತದೆ, ಜಂಗು ಉಳಿಯುತ್ತದೆ. ಈ ಗೊಂದಲ ಬಿಡಿಸಲು ಈ ಪತ್ರ.

ಹಳೆ ಗಾಡಿ ತಿನ್ನಿಸಿಕೊಳ್ಳುವುದು ಕೆಳಗಿನಿಂದ. ನಮ್ಮ ಕಡೆಯ ಎರಿಮಣ್ಣು ಚಕ್ರದ ಒಳಗೋಡೆಗೆ, ಮಡ್‌ಗಾರ್ಡಿನ ಹಿಂಭಾಗಕ್ಕೆ, ಸಿಲ್ಲಿನ (ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಟೊಳ್ಳು ಪಟ್ಟಿ) ಮಡಿಕೆಗೆ ಮೆತ್ತಿಕೊಂಡರೆ ಮಳೆ ನಿಂತು ವಾರವಾದರೂ ಒಳಗೆ ಹಸಿ ಇರುತ್ತದೆ. ಬಾಗಿಲಿನ ಕೆಳ ಅಂಚಿನ ನೀರುಗಂಡಿ ಮುಚ್ಚಿದ್ದರೆ ಬಾಗಿಲೇ ತೊಟ್ಟಿಯಾಗುತ್ತದೆ. ಕಾರವಾರ, ಗೋವಾ ಕಡೆಯಿಂದ ಕೊಂಡು ತಂದ ಗಾಡಿಯಾದರೆ ಇದರ ಮೇಲೆ ಉಪ್ಪು ಬೇರೆ. ಅಂಬಾಸಡರ್, ಪದ್ಮಿನಿ ಎರಡಕ್ಕೂ ಬೇರೆ ಚಾಸಿ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಅಲ್ಲಿ ಸಿಲ್ ಹೋದರೆ ಗಾಡಿಯ ಬೆನ್ನೆಲುಬೇ ಹೋದಂತೆ. ಹೆರಾಲ್ಡ್‌ಗೆ ಬೇರೆ ಚಾಸಿ ಇದೆ, ಅದರ ಸಿಲ್ ಅಷ್ಟು ಭಾರ ಹೊರುವುದಿಲ್ಲ.

ಸ್ಟೇನ್‌ಲೆಸ್ ಏಕೆ ಬೇಡ? 304 ದರ್ಜೆಯ ತಗಡು ಕಾಯ್ದಾಗ ಸಾಮಾನ್ಯ ಉಕ್ಕಿಗಿಂತ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತದೆ, ಶಾಖ ಬೇಗ ಬಿಟ್ಟುಕೊಡುವುದಿಲ್ಲ. ವೆಲ್ಡಿಂಗ್ ಆದೊಡನೆ ಹಪ್ಪಳದಂತೆ ಸೊಟ್ಟಗಾಗುತ್ತದೆ. ಸುತ್ತಿಗೆ ಬಿದ್ದಷ್ಟೂ ಗಟ್ಟಿಯಾಗುವುದರಿಂದ ತಟ್ಟಿ ಸಮ ಮಾಡುವುದೂ ಕಷ್ಟ. ಇದಕ್ಕಿಂತ ದೊಡ್ಡ ತೊಂದರೆ ಜೋಡಣೆಯದು. ಪೇಂಟ್ ಒಡೆದು ಎರಡು ಲೋಹಗಳ ನಡುವೆ ನೀರು ನಿಂತರೆ ಸ್ಟೇನ್‌ಲೆಸ್ ಹಾಗೇ ಇರುತ್ತದೆ, ಪಕ್ಕದ ಹಳೆ ಉಕ್ಕು ಮೊದಲಿಗಿಂತ ಬೇಗ ಸವೆಯುತ್ತದೆ. ಪ್ಯಾಚ್ ಉಳಿದು ಗಾಡಿ ಹೋಗುತ್ತದೆ ಅನ್ನಿ.

ಮಾಳಿಗೆಯ ಬಣ್ಣದ ಶೀಟು ಸಾಮಾನ್ಯವಾಗಿ ಅರ್ಧ ಮಿ.ಮೀ. ಆಸುಪಾಸಿನದು, ಬಹಳ ಬಿರುಸು, ದುಂಡಗೆ ತಟ್ಟಲು ಹೋದರೆ ಸಿಗಿಯುತ್ತದೆ. ಅದರ ಬಗ್ಗೆ ಇಷ್ಟೇ ಸಾಕು. ಮೇಲಿನ ಜಂಗಿನ ಪದರವೇ ಕಾವಲಾಗುವ ಕಾರ್ಟೆನ್ ಉಕ್ಕಿನ ಹೆಸರನ್ನೂ ಕೆಲವರು ಎತ್ತುತ್ತಾರೆ. ಅದರ ಮೇಲ್ಪದರ ಕಟ್ಟಿಕೊಳ್ಳಲು ನೆನೆಯುವುದು, ಒಣಗುವುದು ಒಂದರ ಹಿಂದೊಂದು ನಡೆಯುತ್ತಿರಬೇಕು. ಸದಾ ಹಸಿ ಇರುವ ಸಿಲ್ಲಿನೊಳಗೆ ಆ ಗುಣ ಕೆಲಸಕ್ಕೆ ಬಾರದು.

ಹಾಗಾದರೆ ಹಾಕುವುದೇನು? ಕಣ್ಣಿಗೆ ಕಾಣುವ, ದುಂಡು ತಿರುವು ಇರುವ ಭಾಗಗಳಿಗೆ, ಅಂದರೆ ಮಡ್‌ಗಾರ್ಡ್, ಬಾನೆಟ್, ಡಿಕ್ಕಿಯ ಮೇಲ್ಮೈಗೆ, ಸತುವಿನ ಲೇಪನವಿಲ್ಲದ ಸಿ.ಆರ್. (ಕೋಲ್ಡ್ ರೋಲ್ಡ್, ಅಂದರೆ ತಣ್ಣಗಿರುವಾಗ ಉರುಳಿಸಿ ತೆಳುವಾಗಿಸಿದ) ತಗಡೇ ಸರಿ. ಅಂಗಡಿಯಲ್ಲಿ ಬರೀ 'ಸಿ.ಆರ್.' ಎಂದರೆ ಸಿಗುವುದು ಪೆಟ್ಟಿಗೆ, ಕಪಾಟು ಮಾಡುವ ಸಿಆರ್1. ಇಂಥ ತಗಡಿನ ಭಾರತೀಯ ಮಾನಕವಾದ ಐಎಸ್ 513ರ ಪ್ರಕಾರ ಸಿಆರ್4 ಎಂದು ಕೇಳಬೇಕು. ಹಳೆ ವ್ಯಾಪಾರಿಗಳ ಬಾಯಲ್ಲಿ ಅದು ಇ.ಡಿ.ಡಿ. ಆಳವಾಗಿ ಎಳೆದರೂ ಹರಿಯದ ಮೆದು ಉಕ್ಕು ಅದು. ಇಲ್ಲಿ ಸತು ಬೇಡ ಎನ್ನಲು ಕಾರಣ ಸರಳ: ತಟ್ಟುವಾಗ, ಕಾಯಿಸುವಾಗ, ಗ್ರೈಂಡರ್ ಹಿಡಿಯುವಾಗ ಅರ್ಧ ಸತು ಹೋಗಿಯೇ ಬಿಡುತ್ತದೆ. ಹೊರಮೈಗೆ ಪೇಂಟಿನ ಕಾವಲಿದೆ, ಗುಳ್ಳೆ ಎದ್ದರೆ ಕಣ್ಣಿಗೂ ಬೀಳುತ್ತದೆ.

ಸತು ಬೇಕಾಗುವುದು ಕಣ್ಣಿಗೆ ಬೀಳದ ಕಡೆ: ಸಿಲ್, ನೆಲ, ಬಾಗಿಲಿನ ಕೆಳಭಾಗ, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಂಡಿ. ಅದಕ್ಕೆ ಎರಡು ಬಗೆ ಒಳ್ಳೆಯವು. ಎಲೆಕ್ಟ್ರೋ ಗ್ಯಾಲ್ವನೈಸ್ಡ್ ತಗಡಿನಲ್ಲಿ ಒಂದು ಬದಿಗೆ ಸತು ಎರಡು-ಮೂರು ಮೈಕ್ರಾನ್‌ನಷ್ಟು ತೆಳು, ಸಮ. ಒಳಗಿನ ಉಕ್ಕು ಮೆದು. ಗ್ಯಾಲ್ವನೀಲ್ ತಗಡಿನಲ್ಲಿ ಸತುವನ್ನು ಕಾಯಿಸಿ ಉಕ್ಕಿನೊಡನೆ ಬೆರೆಸಿರುತ್ತಾರೆ. ಬೂದು ಬಣ್ಣ, ಹೊಳಪಿಲ್ಲ, ಪೇಂಟ್ ಚೆನ್ನಾಗಿ ಹಿಡಿಯುತ್ತದೆ. ಬಹಳ ಚೂಪಾಗಿ ಮಡಿಸಿದರೆ ಮಾತ್ರ ಲೇಪನ ಪುಡಿಪುಡಿಯಾಗಿ ಉದುರುತ್ತದೆ. ಹೂವಿನ ಚಿತ್ತಾರ ಕಾಣುವ ಜಿ.ಪಿ. ಶೀಟು (ಜಿ.ಐ.ನ ಸಪಾಟು ತಗಡು) ಮೂರನೆಯ ಆಯ್ಕೆ. ಅದರ ಮೇಲಿನ ಝಡ್120, ಝಡ್275 ಎಂಬ ಗುರುತು ಒಂದು ಚದರ ಮೀಟರಿಗೆ ಎರಡೂ ಬದಿ ಸೇರಿ ಇಷ್ಟು ಗ್ರಾಂ ಸತು ಎಂದು ಹೇಳುತ್ತದೆ. 275 ಎಂದರೆ ಬದಿಗೆ ಸುಮಾರು 19 ಮೈಕ್ರಾನ್. ಹೆಚ್ಚು ಸತು ಹೆಚ್ಚು ಒಳ್ಳೆಯದು ಎಂದು ತೋರುತ್ತದೆ, ಆದರೆ ವೆಲ್ಡಿಂಗಿಗೆ ಅಷ್ಟೇ ಹೆಚ್ಚು ಕಾಟ. ಕಾರಿಗೆ 120 ಸಾಕು. ಜಾಕ್ ಕೊಡುವ ಜಾಗಕ್ಕೆ, ಸ್ಪ್ರಿಂಗ್ ಹಿಡಿಯುವ ಬ್ರಾಕೆಟ್ಟಿಗೆ ಇವು ಯಾವುವೂ ಸಾಲದು. ಅಲ್ಲಿ 2 ಮಿ.ಮೀ.ಗೆ ಕಡಿಮೆಯಿಲ್ಲದ ಎಚ್.ಆರ್. (ಹಾಟ್ ರೋಲ್ಡ್, ಕಾಯಿಸಿ ಉರುಳಿಸಿದ) ತಗಡು ಬೇಕು, ಅದರ ಕಪ್ಪು ಸಿಪ್ಪೆಯನ್ನು ಪೂರ್ತಿ ತೆಗೆಯದಿದ್ದರೆ ಸಿಪ್ಪೆಯೊಂದಿಗೆ ಪೇಂಟೂ ಏಳುತ್ತದೆ.

ಕೊಟ್ಟದ್ದು ಸತುವಿನ ತಗಡು ಹೌದೋ ಅಲ್ಲವೋ ಎಂದು ಅಂಗಡಿಯಲ್ಲೇ ನೋಡಬಹುದು. ದಾಳಿಂಬೆ, ಅಡಿಕೆಗೆ ಹೊಡೆಯುವ ಮೈಲುತುತ್ತವನ್ನು ನೀರಿನಲ್ಲಿ ಕರಗಿಸಿ, ಮೂಲೆಯನ್ನು ಸಣ್ಣ ಸ್ಯಾಂಡ್‌ಪೇಪರಿನಿಂದ ಉಜ್ಜಿ, ಒಂದು ಹನಿ ಬಿಡಿ. ಬರೀ ಉಕ್ಕಾದರೆ ಕೂಡಲೇ ತಾಮ್ರದ ಕೆಂಪು ಕೂರುತ್ತದೆ, ಸತುವಿದ್ದರೆ ಕಪ್ಪಾಗುತ್ತದೆ. ಉಜ್ಜುವುದು ಹಗುರವಾಗಿರಲಿ, ತೆಳು ಸತು ಬೇಗ ಕಿತ್ತುಹೋಗುತ್ತದೆ.

ದಪ್ಪದ ವಿಷಯದಲ್ಲಿ ಮೋಸ ಹೆಚ್ಚು. ಮೂಲ ತಗಡನ್ನು ಜಂಗಿಲ್ಲದ ಕಡೆ ಪೇಂಟ್ ಕೆರೆದು ಸ್ಕ್ರೂಗೇಜಿನಲ್ಲಿ ಅಳೆಯಿರಿ. ಈ ಗಾಡಿಗಳಲ್ಲಿ ಸಾಧಾರಣವಾಗಿ 0.9 ಅಥವಾ 1 ಮಿ.ಮೀ. ಸಿಗುತ್ತದೆ. ಗೇಜ್ ಲೆಕ್ಕ (ಅಂಕಿ ಹೆಚ್ಚಿದಷ್ಟೂ ತಗಡು ತೆಳು) ನಂಬಬೇಡಿ. ಸಿ.ಆರ್.ನಲ್ಲಿ 20 ಗೇಜ್ ಎಂದರೆ 0.91 ಮಿ.ಮೀ., ಅಮೆರಿಕದ ಪಟ್ಟಿ ಹಿಡಿದರೆ ಸತುವಿನ ತಗಡಿಗೆ ಅದೇ 20 ಗೇಜ್ 1 ಮಿ.ಮೀ. ಇದರ ಜತೆಗೆ 24 ಗೇಜನ್ನು, ಅಂದರೆ 0.56 ಮಿ.ಮೀ. ತಗಡನ್ನು, 20 ಎಂದು ದಾಟಿಸುವವರೂ ಇದ್ದಾರೆ. ತಕ್ಕಡಿ ಸುಳ್ಳು ಹೇಳುವುದಿಲ್ಲ: ಎಂಟಡಿ ನಾಲ್ಕಡಿಯ ಪೂರ್ತಿ ಶೀಟು 1 ಮಿ.ಮೀ. ಇದ್ದರೆ 23 ಕೆ.ಜಿ. ತೂಗಬೇಕು, 20 ಗೇಜ್ ಸಿ.ಆರ್. ಆದರೆ 21, ಹದಿಮೂರಕ್ಕೇ ನಿಂತರೆ ಅದು 24 ಗೇಜ್. ಮೂಲಕ್ಕಿಂತ ದಪ್ಪ ತಗಡು ಹಾಕಿ ಗಟ್ಟಿ ಮಾಡಿದೆ ಎನ್ನುವುದೂ ತಪ್ಪು. ದಪ್ಪಕ್ಕೆ ಬೇಕಾದ ಕರೆಂಟು ತೆಳುವನ್ನು ತೂತು ಮಾಡುತ್ತದೆ.

ಇನ್ನು ಜೋಡಣೆ. ಜಂಗು ಮರಳಿ ಬರುವುದು ಹೊಸ ತಗಡಿನ ನಡುವೆ ಅಲ್ಲ, ಜೋಡಿನಲ್ಲಿ. ಹಳೆ ತಗಡನ್ನು ಜಂಗಿನ ಅಂಚಿನಲ್ಲೇ ಕತ್ತರಿಸದೆ, ಹೊಳೆಯುವ ಉಕ್ಕು ಸಿಗುವವರೆಗೆ ಹಿಂದೆ ಸರಿಯಬೇಕು. ಗುಳಿಗಳಲ್ಲಿ ಉಪ್ಪು ಉಳಿದಿದ್ದರೆ ತಂತಿ ಬ್ರಷ್ ಸಾಲದು, ನೀರಿನಲ್ಲಿ ಹಲವು ಸಲ ತೊಳೆದು ಬಿಸಿಗಾಳಿಯಲ್ಲಿ ಒಣಗಿಸಬೇಕು. ಗದಗ ಕಡೆಯ ಸವುಳು ಬೋರ್‌ವೆಲ್ ನೀರು ಇದಕ್ಕೆ ಆಗದು, ಮಳೆನೀರು ಹಿಡಿದಿಟ್ಟುಕೊಳ್ಳಿ. ಸತುವಿನ ತಗಡಾದರೆ ವೆಲ್ಡಿಂಗ್ ಗೆರೆಯಿಂದ 15-20 ಮಿ.ಮೀ. ದೂರದವರೆಗೆ ಎರಡೂ ಬದಿಯ ಸತು ಉಜ್ಜಿ ತೆಗೆಯಬೇಕು. ಉಕ್ಕು ಕರಗಲು ಸುಮಾರು 1500 ಡಿಗ್ರಿ ಬೇಕು, ಸತು 907ಕ್ಕೇ ಕುದಿದು ಹೊಗೆಯಾಗುತ್ತದೆ. ಆ ಹೊಗೆ ವೆಲ್ಡಿಂಗ್‌ನೊಳಗೆ ತೂತು ಬಿಡುತ್ತದೆ. ಕೆಲಸಗಾರನ ಎದೆಗೆ ಹೋದರೆ ರಾತ್ರಿ ಚಳಿಜ್ವರ. ಹಾಲು ಕುಡಿದರೆ ಏನೂ ಆಗದು ಎಂಬುದು ಬರೀ ನಂಬಿಕೆ. ಮಳೆಗಾಲದಲ್ಲಿ ಶೆಡ್ಡಿನ ಬಾಗಿಲು ಹಾಕಿಕೊಂಡು ಈ ಕೆಲಸ ಮಾಡಬಾರದು.

ಗ್ಯಾಸಿನ ಕಾವಲಿನಲ್ಲಿ ತಂತಿ ಕರಗಿಸುವ ಮಿಗ್ ವೆಲ್ಡಿಂಗ್‌ನಲ್ಲಿ 0.6 ಅಥವಾ 0.8 ಮಿ.ಮೀ. ತಂತಿ, ಸಿಕ್ಕರೆ ಆರ್ಗಾನ್ ಬೆರೆತ ಗ್ಯಾಸ್. ಇಂಚಿಗೊಂದು ಟಾಕು ಹಾಕಿ, ಒಂದು ಕಡೆಯದು ತಣಿಯುವವರೆಗೆ ಇನ್ನೊಂದು ಕಡೆ ಹೋಗಿ, ನಡುವೆ ತುಂಬುತ್ತ ಬನ್ನಿ. ಅವಸರದಲ್ಲಿ ಉದ್ದಕ್ಕೆ ಎಳೆದರೆ ಬಾನೆಟ್ ಹಾಯಿಯಂತೆ ಉಬ್ಬುತ್ತದೆ. ಕಡ್ಡಿ ವೆಲ್ಡಿಂಗ್ ಈ ದಪ್ಪಕ್ಕೆ ಬೇಡವೇ ಬೇಡ.

ಜಿ.ಐ. ಹಾಕಿಸಿದವರ ಗಾಡಿಯ ಪೇಂಟ್ ಎರಡು-ಮೂರು ಮಳೆಗಾಲದೊಳಗೆ ಪದರಾಗಿ ಏಳುವುದಕ್ಕೆ ಬೈಸಿಕೊಳ್ಳುವುದು ತಗಡು, ತಪ್ಪು ಪ್ರೈಮರಿನದು. ಎಣ್ಣೆ ಆಧಾರದ ರೆಡ್ ಆಕ್ಸೈಡ್ ಸತುವಿನೊಡನೆ ಸೇರಿ ಸೋಪಿನಂಥ ಪದರವಾಗುತ್ತದೆ, ಅದರ ಮೇಲೆ ಏನೂ ನಿಲ್ಲದು. ಸತುವಿನ ಮೇಲೆ ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಪ್ರೈಮರ್ ಹೊಡೆದು, ಆಮೇಲೆ ಪುಟ್ಟಿ. ಪುಟ್ಟಿಯೂ 3 ಮಿ.ಮೀ. ಮೀರದಿರಲಿ. ಜೋಡಿನ ಹಿಂಬದಿಗೆ ಸತುವಿನ ಪೇಂಟ್, ಮಡಿಕೆಗಳಿಗೆ ಪಾಲಿಯುರೆಥೇನ್ ಸೀಲರ್, ಪೇಂಟ್ ಒಣಗಿದ ಮೇಲೆ ಸಿಲ್ಲಿನೊಳಗೆ ಉದ್ದ ನಳಿಗೆಯಿಂದ ಮೇಣ. ನೀರುಗಂಡಿಗಳಿಗೆ ಸೀಲರ್ ಮೆತ್ತಿಬಿಡುವುದು ತೀರ ಸಾಮಾನ್ಯ ತಪ್ಪು, ಗಾಡಿ ಬಿಡಿಸಿಕೊಳ್ಳುವಾಗ ತಂತಿ ತೂರಿಸಿ ನೋಡಿ.

50 ವರ್ಷ ದಾಟಿದ ಖಾಸಗಿ ವಾಹನಗಳಿಗೆ ವಿಂಟೇಜ್ ನೋಂದಣಿ ಕೊಡುವ ಕೇಂದ್ರದ 2021ರ ನಿಯಮ, ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿ ಅಥವಾ ಬಾಡಿ ಶೆಲ್‌ನಲ್ಲಿ ಮಾರ್ಪಾಡು ಆಗಿರಬಾರದು ಎನ್ನುತ್ತದೆ. ಆ ಆಸೆ ಇರುವವರು ಸಿಲ್ಲಿನ ಆಕಾರ ಬದಲಿಸಿ ಪೈಪು ತುರುಕಿಸುವ ಮೊದಲು ಯೋಚಿಸಲಿ.

ಹುಬ್ಬಳ್ಳಿಯ ಉಕ್ಕು ವ್ಯಾಪಾರಿಗಳಲ್ಲಿ ಒಂದು ವಿನಂತಿ. ಗದಗ, ಕೊಪ್ಪಳ, ಹೊಸಪೇಟೆ ದಾಟಿದರೆ ಸಿಗುವ ತೋರಣಗಲ್ಲಿನಲ್ಲೇ ಕಾರಿನ ದರ್ಜೆಯ ತಗಡು ತಯಾರಾಗುತ್ತದೆ. ಆದರೂ ಒಂದು ಬಾಗಿಲಿನ ಪ್ಯಾಚಿಗೆ ಬೇಕಾದ ನಾಲ್ಕು ಚದರಡಿ ಸಿಆರ್4 ಅಥವಾ ಗ್ಯಾಲ್ವನೀಲ್ ಕೇಳಿದರೆ 'ಪೂರ್ತಿ ಶೀಟು ಒಯ್ಯಿರಿ' ಎಂಬ ಉತ್ತರ. ಕಾಲು ಶೀಟಿನ ಲೆಕ್ಕದಲ್ಲಿ ಕತ್ತರಿಸಿ ಮಾರಿ. ಬಿಲ್ಲಿನಲ್ಲಿ 'ಶೀಟು-1' ಎಂದಷ್ಟೇ ಬರೆಯದೆ ದರ್ಜೆ, ಸತುವಿನ ಗುರುತು, ಮಿ.ಮೀ. ಲೆಕ್ಕದ ದಪ್ಪ, ತೂಕ ಇಷ್ಟನ್ನೂ ನಮೂದಿಸಿ. ಗ್ಯಾರೇಜಿನವರೂ ಅದೇ ಬಿಲ್ಲನ್ನು ಗಾಡಿಯ ಮಾಲೀಕರ ಕೈಗೆ ಕೊಡಲಿ.

— ಹಳೆ ಗಾಡಿಗಳ ತಗಡು ಕೆಲಸಗಾರರು, ಗೋಕುಲ ರಸ್ತೆ, ಹುಬ್ಬಳ್ಳಿ