ಪಕ್ಕದಲ್ಲಿ ಕೂತಿದ್ದ ನರ್ಸಮ್ಮನವರಿಗೆ

ಅಂಗನವಾಡಿ ತರಬೇತಿಯಲ್ಲಿ ನನ್ನ ಪಕ್ಕ ಕೂತಿದ್ದ ನಿವೃತ್ತ ನರ್ಸಮ್ಮನವರೇ, ನಿಮಗೆ ತುಂಬಾ ಧನ್ಯವಾದ. ಹೆಸರು ಕೇಳುವಷ್ಟರಲ್ಲಿ ನೀವು ಬಸ್ ಹತ್ತಿ ಹೊರಟೇಬಿಟ್ಟಿರಿ.

ಊಟದ ಬಿಡುವಿನಲ್ಲಿ ಚೀಲದಿಂದ ಒಂದು ಪ್ಲಾಸ್ಟಿಕ್ ಚಮಚ ತೆಗೆದು ತೋರಿಸಿದಿರಿ. ಎರಡು ತುದಿಗೂ ಗುಳಿ. ದೊಡ್ಡದರಲ್ಲಿ ಸಕ್ಕರೆ, ಚಿಕ್ಕದರಲ್ಲಿ ಉಪ್ಪು, ಬೆರಳಿಂದ ಸಮ ಮಾಡಿ ಒಂದು ಲೋಟ ನೀರಿಗೆ. ಭೇದಿ ಆದ ಮಗುವಿಗೆ ಕುಡಿಸೋಕೆ. ಈಗ ಓಆರ್‌ಎಸ್ ಪೊಟ್ಟಣ ಸಿಗುತ್ತೆ, ಅದೇ ಮೇಲು ಅಂತಲೂ ನೀವೇ ಹೇಳಿದಿರಿ.

ಈ ಚಮಚವನ್ನು ಬಳಕೆಗೆ ತಂದ ಡೇವಿಡ್ ಮಾರ್ಲಿ ಅವರ ಬಗ್ಗೆ ಕೇಳಿದ್ದೂ ನಿಮ್ಮಿಂದಲೇ. ಬ್ರಿಟನ್ನಿನ ಮಕ್ಕಳ ಡಾಕ್ಟರು. 1950ರ ದಶಕದಲ್ಲಿ ನೈಜೀರಿಯದ ಇಲೆಶಾ ಕಡೆ ಹಳ್ಳಿಗಳಲ್ಲಿ ಕೆಲಸ ಮಾಡಿದವರು. ಮಕ್ಕಳ ತೂಕಕ್ಕೆ ಚುಕ್ಕೆ ಇಟ್ಟು ಗೆರೆ ಎಳೆಯುವ ಕಾರ್ಡು ಅಲ್ಲೇ ರೂಪುಗೊಂಡಿತು. ಅದನ್ನು ಆಸ್ಪತ್ರೆಯ ಕಪಾಟಿನಲ್ಲಿ ಇಡಲಿಲ್ಲ, ತಾಯಿಯ ಕೈಗೇ ಕೊಟ್ಟರು. ನನಗೆ ಜಾಸ್ತಿ ಇಷ್ಟವಾದದ್ದು ಅದೇ. 1965ರಲ್ಲಿ ಲಂಡನ್ನಿನಲ್ಲಿ ಟಾಲ್ಕ್ ಸಂಸ್ಥೆ ಶುರುಮಾಡಿದರು. ಬಡ ದೇಶಗಳಲ್ಲಿ ಆರೋಗ್ಯ ಪಾಠ ಹೇಳುವವರಿಗೆ ಕಡಿಮೆ ದುಡ್ಡಿಗೆ ಸ್ಲೈಡು, ಪುಸ್ತಕ ಕಳಿಸುವುದೇ ಅದರ ಕೆಲಸವಾಗಿತ್ತು. ಮಾರ್ಲಿ 2009ರಲ್ಲಿ ತೀರಿಕೊಂಡರು.

"ತೂಕ ಎಷ್ಟು ಅಂತ ಮಾತ್ರ ನೋಡಬೇಡಮ್ಮ, ಗೆರೆ ಯಾವ ಕಡೆ ಹೋಗ್ತಿದೆ ನೋಡು" ಅಂದಿರಲ್ವಾ? ಮೂರು ದಿನದ ತರಬೇತಿಯಲ್ಲಿ ನನ್ನ ತಲೆಯಲ್ಲಿ ಉಳಿದದ್ದು ಆ ಮಾತೊಂದೇ. ಈಗ ನಮ್ಮ ಕೇಂದ್ರದಲ್ಲಿ ತೂಕ ಮಾಡಿದ ಮೇಲೆ ಚುಕ್ಕೆಯನ್ನು ತಾಯಂದಿರ ಕೈಲೇ ಇಡಿಸುತ್ತೇನೆ. ಕೆಲವರು ಪೆನ್ನು ಹಿಡಿಯೋಕೆ ನಾಚುತ್ತಾರೆ. ಆಗ ಅವರ ಅತ್ತೆ ಮುಂದೆ ಬಂದು, "ಕೊಡಿಲ್ಲಿ, ನಾನಿಡ್ತೀನಿ" ಅನ್ನುತ್ತಾರೆ!