ಬಸ್ ನಿಲ್ಸಿ ಅಂತ ಕೇಳು: ಮಗಳಿಗೊಂದು ಪತ್ರ

ಪುಟ್ಟಿ,

ನಿನ್ನೆ ರಾತ್ರಿ ನೀನು ಹಿಮಾಚಲದ ಸ್ಪಿತಿ ಕಣಿವೆಗೆ ಬಸ್ಸಲ್ಲಿ ಹೋಗ್ತೀನಿ ಅಂತ ಮ್ಯಾಪ್ ಹರಡ್ಕೊಂಡು ಶಿಮ್ಲಾ, ರೆಕಾಂಗ್ ಪಿಯೋ, ಟಾಬೋ, ಕಾಜಾ ಅಂತ ಬೆರಳಿಟ್ಟು ತೋರಿಸ್ತಾ ಇದ್ದಾಗ ನಾನು ತುಟಿಪಿಟಿಕ್ ಅನ್ನಲಿಲ್ಲ, ಅಮ್ಮಂಗೆ ಇಷ್ಟ ಇಲ್ಲ ಅನ್ಕೊಂಡು ಮುಖ ಊದಿಸ್ಕೊಂಡು ಎದ್ದು ಹೋದೆ ನೀನು. ಇಷ್ಟ ಇಲ್ಲ ಅಂತಲ್ಲ ಕಣೇ. ಹಳೇದೊಂದು ವಿಷ್ಯ ನೆನಪಾಗಿ ಬಾಯಿ ಕಟ್ಟೋಯ್ತು. ನಿಮ್ಮಪ್ಪಂಗೂ ಗೊತ್ತಿಲ್ಲ ಅದು, ಎದುರಿಗೆ ಹೇಳೋಕೂ ನಂಗಾಗಲ್ಲ, ಅದಕ್ಕೇ ಬರೀತಿದೀನಿ.

1997ರಲ್ಲಿ ನಾನೂ ಇಬ್ರು ಗೆಳತೀರೂ ಮನಾಲಿಯಿಂದ ಲಡಾಖ್‌ನ ಲೇಹ್‌ಗೆ ಬಸ್ಸಲ್ಲಿ ಹೋಗಿದ್ವಿ ಅಂತ ನಿಂಗೊತ್ತು, ಆಲ್ಬಮ್ ಎಷ್ಟು ಸಲ ತಿರುವಿ ಹಾಕಿಲ್ಲ ನೀನು. ಅದ್ರಲ್ಲಿ ನಾನು ಬಸ್ಸಿನ ಬಾಗ್ಲಲ್ಲಿ ನಿಂತು ನಗ್ತಾ ಇರೋದು ಮೊದಲ್ನೇ ದಿನ ಮಧ್ಯಾಹ್ನದ ಫೋಟೋ. ಅದಾದ್ಮೇಲೆ ಒಂದ್ರಲ್ಲೂ ನಾನಿಲ್ಲ. ಯಾಕೆ ಅಂತ ಇದುವರೆಗೂ ಯಾರೂ ಕೇಳಿಲ್ಲ.

ಆಗ ಅಟಲ್ ಸುರಂಗ ಎಲ್ಲಿತ್ತು, ಅದು ಬಂದಿದ್ದು 2020ರಲ್ಲಿ. ಬಸ್ಸು ಕತ್ತಲಲ್ಲೇ ಹೊರಟು ರೋಹ್ತಾಂಗ್ ಪಾಸ್, ಅಂದ್ರೆ ಬೆಟ್ಟ ದಾಟೋ ಎತ್ತರದ ದಾರಿ, ಹತ್ತಿ ಇಳೀಬೇಕಿತ್ತು. ನಾನು ಬೆಳಿಗ್ಗೆಯಿಂದ ಒಂದು ತೊಟ್ಟು ನೀರು ಕುಡಿದಿರಲಿಲ್ಲ. ಬೇಕಂತಲೇ. ಬಸ್ ತುಂಬ ಗಂಡಸರು, ಹೊರಗೆ ನೋಡಿದ್ರೆ ಬೋಳು ಬೆಟ್ಟ, ಮರೆಗೆ ಒಂದು ಗಿಡ ಇಲ್ಲ, ಕಂಡಕ್ಟರ್ ಹತ್ರ ಹೋಗಿ ನನ್ನ ಹರಕು ಹಿಂದಿಲಿ ನಿಲ್ಸಿ ಅಂತ ಕೇಳೋಕೆ ನಾಚಿಕೆ. ನೀರೇ ಕುಡೀದಿದ್ರೆ ಇಳಿಯೋ ತಾಪತ್ರಯ ಇಲ್ವಲ್ಲ ಅನ್ನೋ ಲೆಕ್ಕ, ಹೆಣ್ಮಕ್ಳೆಲ್ಲ ಬಸ್ಸಲ್ಲಿ ಹಾಕೋ ಲೆಕ್ಕ, ನೀನೂ ಹಾಕ್ತೀಯ ಅಂತ ನಂಗೊತ್ತು. ಬಾರಾಲಾಚಾ ಪಾಸ್ ದಾಟೋ ಹೊತ್ತಿಗೆ ತಲೆ ಸಿಡೀತಿತ್ತು, ನೀರಿಲ್ಲದ್ದಕ್ಕಾ ಎತ್ತರಕ್ಕಾ ಗೊತ್ತಾಗ್ಲಿಲ್ಲ. ರಾತ್ರಿ ಸರ್ಚು ಅನ್ನೋ ಜಾಗದಲ್ಲಿ ಟೆಂಟಲ್ಲಿ ಮಲಗಿದ್ವಿ. ಮನಾಲಿ 2,000 ಮೀಟರ್ ಆಸುಪಾಸು, ಸರ್ಚು ಹತ್ರ ಹತ್ರ 4,300, ಅಂದ್ರೆ ಒಂದೇ ದಿನದಲ್ಲಿ ಎರಡರಷ್ಟು ಎತ್ತರ. 3,000 ಮೀಟರ್ ಮೇಲೆ ಹೋದ್ಮೇಲೆ ಇವತ್ತು ಮಲಗಿದ ಜಾಗಕ್ಕಿಂತ ನಾಳೆ ಮಲಗೋ ಜಾಗ 500 ಮೀಟರ್‌ಗಿಂತ ಮೇಲೆ ಇರಬಾರ್ದು ಅಂತಾರೆ ಡಾಕ್ಟ್ರುಗಳು, ನಮಗ್ಯಾರು ಹೇಳಿದ್ರು ಆಗ.

ರಾತ್ರಿಯಿಡೀ ನಿದ್ದೆ ಇಲ್ಲ, ಮೂರು ಸಲ ವಾಂತಿ, ಟೆಂಟಿನ ಹಿಂದೆ ಹೋಗಿ ಸದ್ದಾಗದ ಹಾಗೆ. ಬೆಳಿಗ್ಗೆ ಗೆಳತೀರು ಯಾಕೆ ಹೀಗಿದೀಯ ಅಂದ್ರೆ ಚಳಿ ಕಣ್ರೇ ಅಂದೆ. ಹೊರಡೋ ಮುಂಚೆಯಿಂದ್ಲೂ ಇವಳ ಕೈಲಾಗಲ್ಲ ಅಂತ ಆಡ್ಕೋತಿದ್ರು, ಅವರ ಬಾಯಿಗೆ ಸಿಕ್ಕೋದು ಬೇಡ ಅಂತ. ಸರ್ಚು ಆದ್ಮೇಲೆ ಗಾಟಾ ಲೂಪ್ಸ್, 21 ತಿರುವು, ಅದೂ ಆದ್ಮೇಲೆ 5,000 ಮೀಟರ್ ದಾಟೋ ಲಾಚುಂಗ್ ಲಾ, ಲಾ ಅಂದ್ರೆ ಪಾಸ್. ನಾನು ಎಷ್ಟನೇ ತಿರುವಿನವರೆಗೆ ಎಣಿಸಿದೆನೋ. ಕೊನೆಗೆ ಹಿಂದಿನ ಸೀಟಲ್ಲಿದ್ದ ಒಬ್ರು ಅಜ್ಜಿ, ಅಲ್ಲಿಯೋರೇ, ನನ್ನ ತುಟಿ ಬಣ್ಣ ನೋಡಿ ಡ್ರೈವರ್‌ಗೆ ಎರಡು ಸಲ ಕೂಗಿದ್ರು ಅಷ್ಟೇ. ಬಸ್ ನಿಂತ್ಹೋಯ್ತು. ಯಾರೂ ಗೊಣಗಲಿಲ್ಲ, ಡ್ರೈವರ್ ಇಳಿದು ಬಂದು ಬೆನ್ನು ಸವರಿದ. ಎರಡು ದಿನ ನಾನು ಜೀವ ಹಿಡ್ಕೊಂಡು ತಪ್ಪಿಸ್ಕೊಂಡಿದ್ದ ಕೆಲಸ ಅರ್ಧ ನಿಮಿಷದಲ್ಲಿ ಆಗೋಯ್ತು.

ಪಾಂಗ್‌ನಲ್ಲಿ ಮಿಲಿಟರಿಯವರ ಕ್ಯಾಂಪಲ್ಲಿ ಆಕ್ಸಿಜನ್ ಹಾಕಿದ್ರು. ಗೆಳತೀರು ಬಸ್ ಬಿಟ್ಟು ನನ್ನ ಜೊತೆನೇ ಉಳಿದ್ರು, ಒಬ್ಳೂ ಆಡ್ಕೊಳ್ಲಿಲ್ಲ ಪಾಪ. ಮಾರನೇ ದಿನ ಬೇರೆ ಗಾಡಿಲಿ ಲೇಹ್ ತಲುಪಿದ್ವಿ, ನಡುವೆ ಸಿಕ್ಕ ತಂಗ್‌ಲಾಂಗ್ ಲಾ, 5,300 ಮೀಟರ್, ಜನ ಬೋರ್ಡ್ ಮುಂದೆ ನಿಂತು ಫೋಟೋ ತೆಗೆಸ್ಕೊಳ್ಳೋ ಜಾಗ, ನಾನು ಕಣ್ಣುಬಿಟ್ಟೇ ನೋಡ್ಲಿಲ್ಲ. ಮನೆಗೆ ಬಂದು ಹೇಳಿದ್ರೆ ಇನ್ಮೇಲೆ ಎಲ್ಲಿಗೂ ಕಳಿಸಲ್ಲ ಅಂತಾರಲ್ಲ, ಅದಕ್ಕೆ ಮುಚ್ಚಿಟ್ಟೆ. ಇವತ್ತು ಬಿಚ್ಚಿಟ್ಟೆ ನೋಡು.

ಸರಿ, ನಿನ್ನ ರೂಟಿಗೆ ಬರ್ತೀನಿ. ನೀನು ಆರಿಸ್ಕೊಂಡಿರೋ ದಾರಿ ನಂದಕ್ಕಿಂತ ಸಾವಿರ ಪಾಲು ಮೇಲು, ಶಿಮ್ಲಾ ಕಡೆಯಿಂದ ಹೋದ್ರೆ ಎತ್ತರ ಸ್ವಲ್ಪ ಸ್ವಲ್ಪವಾಗಿ ಏರುತ್ತೆ. ರೆಕಾಂಗ್ ಪಿಯೋ ಮೇಲಿರೋ ಕಲ್ಪಾದಲ್ಲಿ ಎರಡು ರಾತ್ರಿ ಇರು. ಆಮೇಲೆ ದಾರಿಲಿ ಸಿಗೋ ನಾಕೋದಲ್ಲಿ ಮಲಗೋ ಬದಲು ಮುಂದೆ ಟಾಬೋಗೆ ಹೋಗಿ ಮಲಗು, ಟಾಬೋ ನಾಕೋಗಿಂತ ಕೆಳಗಿದೆ, 3,300ರ ಹತ್ರ. ಅಲ್ಲಿನ ಮಠ 996ರಲ್ಲಿ ಕಟ್ಟಿದ್ದು, ಹೊರಗಿಂದ ಬರೀ ಮಣ್ಣಿನ ಗೋಡೆ, ಒಳಗೆ ಹೋದ್ರೆ ಕತ್ತಲಲ್ಲಿ ಚಿತ್ರಗಳು, ಟಾರ್ಚ್ ತಗೊಂಡು ಹೋಗು, ಅವಸರ ಮಾಡ್ಬೇಡ.

ರೆಕಾಂಗ್ ಪಿಯೋ ಇಂದ ಕಾಜಾಗೆ ಇರೋದು 200 ಕಿಲೋಮೀಟರ್ ಅಷ್ಟೇ, ಆದ್ರೆ ದಿನವೆಲ್ಲಾ ಹಿಡಿಯುತ್ತೆ, ನಾಲ್ಕೈದು ಗಂಟೆಲಿ ಹೋಗ್ಬಹುದು ಅಂತ ಬರೀ ದೂರ ನೋಡಿ ಲೆಕ್ಕ ಹಾಕ್ಬೇಡ. ವಾಂತಿ ಮಾತ್ರೆ ಬಸ್ ಹತ್ತೋಕೆ ಅರ್ಧ ಮುಕ್ಕಾಲು ಗಂಟೆ ಮುಂಚೆನೇ ನುಂಗು, ಶುರುವಾದ್ಮೇಲೆ ನುಂಗಿದ್ರೆ ಅದೂ ಆಚೆ ಬರುತ್ತೆ. ಮುಂದಿನ ಸೀಟು ಕೇಳಿ ಹಿಡಿ, ಹಿಂದಿನ ಸೀಟಲ್ಲಿ ಕೂತ್ರೆ ಪ್ರತಿ ಗುಂಡಿಗೂ ಒಂದೊಂದು ಅಡಿ ಮೇಲೆ ಹಾರ್ತೀಯ, ಮೊಬೈಲ್ ನೋಡ್ಬೇಡ, ಕಣ್ಣು ದೂರದ ರೋಡ್ ಮೇಲಿರ್ಲಿ. ಎದುರಿಗೆ ಲಾರಿ ಬಂದಾಗ ಕಂಡಕ್ಟರ್ ಇಳಿದು ವಿಸಿಲ್ ಹೊಡೀತಾ ಬಸ್ಸನ್ನ ಪ್ರಪಾತದ ಅಂಚಿಗೆ ಹಿಂದಕ್ಕೆ ತಗೋತಾನೆ, ಆಗ ಬೇಕಾದ್ರೆ ಕಣ್ಮುಚ್ಕೋ, ನಾನೂ ಮುಚ್ಕೊಂಡಿದ್ದೆ. ಅವರಿಗೆ ಅದು ದಿನದ ಕೆಲಸ.

ರಜಾ ಕಮ್ಮಿ ಇದೆ ಅಂತ ಆಗಸ್ಟಲ್ಲೇ ಹೋಗ್ತೀನಿ ಅಂದೆ. ಬೇಡ ಮಗಳೇ, ಇದೊಂದಕ್ಕೆ ಮಾತ್ರ ಹಠ ಮಾಡ್ತೀನಿ. ಸ್ಪಿತಿಲಿ ಮಳೆ ಕಮ್ಮಿ ಇರ್ಬಹುದು, ಅಲ್ಲಿಗೆ ಹೋಗೋ ದಾರಿಲಿ ಕಮ್ಮಿ ಇಲ್ಲ. 2021ರ ಆಗಸ್ಟಲ್ಲಿ ಕಿನ್ನೌರಿನ ನಿಗುಲ್ಸರಿ ಹತ್ರ ಗುಡ್ಡ ಕುಸಿದು ಬಸ್ಸಿನ ಮೇಲೇ ಬಿತ್ತು, ನೀನು ಓದಿರ್ತೀಯ. ಸೆಪ್ಟೆಂಬರ್ ಕೊನೆಗೆ ಹೋಗು, ಆಗ ಕಾಜಾದಿಂದ ಮನಾಲಿಗೆ ಹೋಗೋ ದಾರಿಯ ಕುಂಜುಮ್ ಪಾಸೂ ತೆಗೆದಿರುತ್ತೆ. ಆಗ್ಲೂ ಪ್ಲಾನಲ್ಲಿ ಮೂರು ದಿನ ಖಾಲಿ ಇಟ್ಕೋ, ರೋಡ್ ಮುಚ್ಚಿದ್ರೆ ಮುಚ್ತು, ಜೆಸಿಬಿ ಬಂದು ಮಣ್ಣು ತೆಗೆಯೋವರೆಗೆ ಎಲ್ಲರ ಜೊತೆ ರೋಡಲ್ಲಿ ಕೂತಿರು. ಕಾಜಾ ಮನಾಲಿ ಬಸ್ಸು ಬೆಳಗಾಗೋ ಮುಂಚೆನೇ ಹೊರಡುತ್ತೆ ಅಂತ ಬೈಕೋಬೇಡ. ಬಿಸಿಲೇರಿದ ಮೇಲೆ ಮೇಲಿನ ಹಿಮ ಕರಗಿ ರೋಡಿಗೆ ಅಡ್ಡ ಹರಿಯೋ ನಾಲಾಗಳಲ್ಲೆಲ್ಲ ನೀರು ಏರುತ್ತೆ, ಬೆಳಿಗ್ಗೆ ಮೊಣಕಾಲಷ್ಟಿದ್ದಿದ್ದು ಮಧ್ಯಾಹ್ನ ಗಾಡಿನೇ ತಳ್ಳುತ್ತೆ.

ಇನ್ನೊಂದು ಮುಖ್ಯವಾದ್ದು. ಕಾಜಾದಲ್ಲಿ ನಿಂಗೆ ಹುಷಾರು ತಪ್ಪಿದ್ರೆ ಮನಾಲಿ ಹತ್ರ ಅಲ್ವಾ ಅಂತ ಆ ಕಡೆ ಬಸ್ ಹತ್ಬೇಡ. ಆ ದಾರಿಲಿ ಇಳಿಯೋಕೆ ಮುಂಚೆ ಕುಂಜುಮ್ ಹತ್ತಬೇಕು, ನಾಲ್ಕೂವರೆ ಸಾವಿರ ಮೀಟರ್ ಅದು. ಬಂದ ದಾರಿಲೇ ಟಾಬೋ ಕಡೆ ವಾಪಸ್ ಇಳಿ. ಬರೀ ತಲೆನೋವಾದ್ರೆ ಅಲ್ಲೇ ಇದ್ದು ಒಂದಿನ ಸುಮ್ನೆ ಮಲಗು, ಮೇಲೆ ಹೋಗ್ಬೇಡ. ಆದ್ರೆ ಸುಮ್ನೆ ಕೂತಿದ್ರೂ ಏದುಸಿರು ಬರ್ತಿದೆ, ನೇರ ಗೆರೆ ಮೇಲೆ ನಡಿಯೋಕಾಗ್ತಿಲ್ಲ, ಮಾತು ತೊದಲ್ತಿದೆ ಅಂದ್ರೆ ನಾಳೆ ಬಸ್ಸಿಗೆ ಕಾಯ್ಬೇಡ, ಕಾಜಾದ ಸರ್ಕಾರಿ ಆಸ್ಪತ್ರೆಗೆ ಓಡು, ಆಮೇಲೆ ಟ್ಯಾಕ್ಸಿ ಮಾಡ್ಕೊಂಡು ರಾತ್ರಿಯಾದ್ರೂ ಇಳಿ, ದುಡ್ಡು ನಾನು ಹಾಕ್ತೀನಿ. ಎತ್ತರದ ಕಾಯಿಲೆಗೆ ಕೊಡೋ ಡಯಾಮಾಕ್ಸ್ ಮಾತ್ರೆ ಬೇಕಾ ಅಂತ ಇಲ್ಲೇ ಡಾಕ್ಟ್ರನ್ನ ಕೇಳ್ಕೊಂಡು ಹೋಗು, ಸಲ್ಫಾ ಔಷಧಿಗಳ ಅಲರ್ಜಿ ಇದ್ರೆ ಆಗಲ್ಲ ಅದು, ಚಿಕ್ಕೋಳಿದ್ದಾಗ ಯಾವ್ದೋ ಮಾತ್ರೆಗೆ ಮೈಯೆಲ್ಲ ಗಂದೆ ಎದ್ದಿತ್ತು ನಿಂಗೆ, ಆ ಚೀಟಿ ಹುಡುಕ್ತಾ ಇದೀನಿ.

ಮತ್ತೆ ನೀರು. ಕುಡಿ. ಬ್ಯಾಗಲ್ಲಿ ಒಂದು ದೊಡ್ಡ ಛತ್ರಿ ಇಟ್ಟಿದೀನಿ, ಮಳೆಗಲ್ಲ ಅದು. ಬಸ್ ನಿಲ್ಸಿ ಇಳಿದು ರೋಡ್ ತಿರುವಿನಾಚೆ ಹೋಗಿ ಬಿಚ್ಚಿ ಅಡ್ಡ ಹಿಡ್ಕೊಂಡ್ರೆ ಆಯ್ತು. ನೀನು ಕೇಳಿದ ತಕ್ಷಣ ಇನ್ನೂ ನಾಲ್ಕು ಜನ ಹೆಂಗಸ್ರು ನಿನ್ನ ಹಿಂದೆ ಇಳೀತಾರೆ ನೋಡು, ಯಾರಾದ್ರೂ ಕೇಳ್ಲಿ ಅಂತ ಕಾಯ್ತಾ ಕೂತಿರ್ತಾರೆ ಪಾಪ.

ಫೋನ್ ಸಿಗ್ಲಿಲ್ಲ ಅಂದ್ರೆ ಗಾಬರಿ ಆಗಲ್ಲ, ನಿಮ್ಮಪ್ಪನ್ನ ನಾನು ನೋಡ್ಕೋತೀನಿ. ಕಾಜಾದಲ್ಲಿ ಮೂರು ದಿನ ಕಳೆದು ಮೈ ಒಗ್ಗಿದ ಮೇಲೆ ಹಿಕ್ಕಿಂಗೆ ಹೋಗು, 4,400 ಮೀಟರ್ ಮೇಲೆ ಒಂದು ಪುಟ್ಟ ಪೋಸ್ಟಾಫೀಸ್ ಇದೆ. ಅಲ್ಲಿಂದ ನನ್ನ ಹೆಸರಿಗೆ ಒಂದು ಕಾರ್ಡ್ ಹಾಕು, ನೀನು ಬಂದ್ಮೇಲೇ ಅದು ಬಂದ್ರೂ ಪರ್ವಾಗಿಲ್ಲ. ಬೆಟ್ಟ ಹಿಮ ಎಲ್ಲ ಬರೀಬೇಡ, ಎಷ್ಟು ಸಲ ಬಸ್ ನಿಲ್ಸಿದೆ ಅಂತ ಅಷ್ಟೇ ಬರಿ.

ನಿನ್ನ
ಅಮ್ಮ