ಗೆಲುವು 17, ಸೋಲು 3: ಯಾವ ಆಟದಲ್ಲಿ ಸ್ವಾಮಿ?

ಮೈಸೂರು
2 ನವೆಂಬರ್ 2023

ಗೆ,
ಗ್ರಾಹಕರ ದೂರು ನೋಡಿಕೊಳ್ಳುವ ಅಧಿಕಾರಿಗಳಿಗೆ,

ವಿಷಯ: ಅಕ್ಟೋಬರ್ 28ರ ಟೈಸನ್ ಫ್ಯೂರಿ – ಫ್ರಾನ್ಸಿಸ್ ಎಂಗಾನು ಬಾಕ್ಸಿಂಗ್ ಪಂದ್ಯವನ್ನು ನಿಮ್ಮ ಆ್ಯಪ್‌ನಲ್ಲಿ ನೋಡಲು ಕಟ್ಟಿದ 899 ರೂಪಾಯಿ ವಾಪಸ್ ಕೊಡುವ ಬಗ್ಗೆ, ಮತ್ತು ನಿಮ್ಮ ಜಾಹೀರಾತಿನ ಬಗ್ಗೆ.

ಮಾನ್ಯರೇ,

ಈ ಪಂದ್ಯದ ಬಗ್ಗೆ ನಾನು ನಿಮಗೆ ಬರೆಯುತ್ತಿರುವುದು ಎರಡನೇ ಸಲ. ಮೊದಲನೇ ಸಲ ಆ್ಯಪ್‌ನಲ್ಲೇ ಬರೆದೆ. 'ಪಂದ್ಯದ ಫಲಿತಾಂಶಕ್ಕೆ ನಾವು ಹೊಣೆಯಲ್ಲ' ಅಂತ ಉತ್ತರ ಬಂತು, ಜತೆಗೆ 200 ರೂಪಾಯಿಯ ಕೂಪನ್. ಫಲಿತಾಂಶದ ಬಗ್ಗೆ ನಾನು ಕೇಳಿಯೇ ಇರಲಿಲ್ಲ. ಯಾರು ಗೆದ್ದರು ಅನ್ನೋದು ನನ್ನ ದೂರಲ್ಲ. ಆದ್ದರಿಂದ ಈ ಸಲ ಕಾಗದದ ಮೇಲೆ, ನಿಧಾನವಾಗಿ ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ.

ಪಂದ್ಯಕ್ಕೆ ಮೂರು ದಿನ ಮುಂಚೆ ನಿಮ್ಮ ಆ್ಯಪ್ ತೆರೆದಾಗ ದೊಡ್ಡದೊಂದು ಚಿತ್ರ ಕಂಡಿತು. ಎಡಕ್ಕೆ ಫ್ಯೂರಿ, ಹೆಗಲ ಮೇಲೆ ಹಸಿರು ಬೆಲ್ಟ್. ಬಲಕ್ಕೆ ಎಂಗಾನು. ಮೇಲೆ 'ವಿಶ್ವ ಹೆವಿವೇಟ್ ಪಟ್ಟ ಯಾರಿಗೆ?' ಎಂಬ ಸಾಲು. ಇಬ್ಬರ ಕೆಳಗೂ ಒಂದೊಂದು ಲೆಕ್ಕ. ಫ್ಯೂರಿಗೆ ಗೆಲುವು 33, ಸೋಲು 0, ಡ್ರಾ 1. ಎಂಗಾನುಗೆ ಗೆಲುವು 17, ಸೋಲು 3. ಅದರ ಕೆಳಗೆ 'ಈಗಲೇ ಕೊಳ್ಳಿ'.

ಆ 17-3 ಯಾವ ಆಟದ ಲೆಕ್ಕ ಗೊತ್ತಾ? ಅದು ಎಂಎಂಎ, ಅಂದರೆ ಮಿಶ್ರ ಸಮರ ಕಲೆಯ ಲೆಕ್ಕ. ಒದೆಯಬಹುದು, ಕೆಳಗೆ ಕೆಡವಬಹುದು, ಮೇಲೆ ಕೂತು ಗುದ್ದಬಹುದು, ಆ ಆಟ. ಎಂಗಾನು ಅದರಲ್ಲಿ ಚಾಂಪಿಯನ್ ಆಗಿದ್ದವನು, ಅದರಲ್ಲಿ ಎರಡು ಮಾತಿಲ್ಲ. ಆದರೆ ವೃತ್ತಿಪರ ಬಾಕ್ಸಿಂಗ್‌ನಲ್ಲಿ ಆ ದಿನದವರೆಗೆ ಅವನ ಲೆಕ್ಕ ಸೊನ್ನೆ ಗೆಲುವು, ಸೊನ್ನೆ ಸೋಲು. ಅದೇ ಅವನ ಮೊದಲ ಪಂದ್ಯ! ಕಬಡ್ಡಿಯಲ್ಲಿ ತಂದ ಪಾಯಿಂಟನ್ನು ಕುಸ್ತಿಯ ಲೆಕ್ಕಕ್ಕೆ ಬರೆದುಕೊಂಡ ಹಾಗಾಯಿತು ಇದು. ನಿಮ್ಮ ಪುಟದಲ್ಲಿ 'ಎಂಎಂಎ' ಅನ್ನುವ ಮೂರಕ್ಷರ ಎಲ್ಲೂ ಇರಲಿಲ್ಲ. ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ.

ಇನ್ನು ಬೆಲ್ಟ್. ಆ ಪಂದ್ಯದಲ್ಲಿ ಡಬ್ಲ್ಯೂಬಿಸಿ (ವಿಶ್ವ ಬಾಕ್ಸಿಂಗ್ ಮಂಡಳಿ) ಪಟ್ಟ, ಅಂದರೆ ಆ ಹಸಿರು ಬೆಲ್ಟ್, ಪಣಕ್ಕೇ ಇರಲಿಲ್ಲ. ಪಟ್ಟದ ಪಂದ್ಯದ ಹಾಗೆ 12 ಸುತ್ತೂ ಅಲ್ಲ, 10 ಸುತ್ತು. ಇದನ್ನು ನಾನು ತಿಳಿದದ್ದು ಭಾನುವಾರ ಬೆಳಗಿನ ಜಾವ, ಕಾಮೆಂಟರಿಯವರು ಹೇಳಿದಾಗ. ಅಷ್ಟರಲ್ಲಿ ದುಡ್ಡು ಹೋಗಿತ್ತು, ನಿದ್ದೆಯೂ ಹೋಗಿತ್ತು. ನಾನೇ ಮೊದಲು ಓದಿ ತಿಳಿದುಕೊಳ್ಳಬಹುದಿತ್ತಲ್ಲ ಅಂತ ನೀವು ಕೇಳಬಹುದು. ಓದಬಹುದಿತ್ತು, ನಿಜ. ಆದರೆ ಅಂಗಡಿಯವನು ಡಬ್ಬದ ಮೇಲೆ ತುಪ್ಪ ಅಂತ ಬರೆದು ಡಾಲ್ಡಾ ಕೊಟ್ಟರೆ, 'ನೀವು ಮೂಸಿ ನೋಡಬೇಕಿತ್ತು' ಅನ್ನೋದು ಉತ್ತರ ಅಲ್ಲ.

ನಮ್ಮ ಮನೆಯಲ್ಲಿ ಈ ಪಂದ್ಯ ನೋಡುವುದು ನಾನು ಮತ್ತು ನನ್ನ ಅಪ್ಪ. ಅಪ್ಪನಿಗೆ 74. ಹರೆಯದಲ್ಲಿ ಗರಡಿಮನೆಗೆ ಹೋಗುತ್ತಿದ್ದವರು, ಈಗಲೂ ಕಿವಿ ಸ್ವಲ್ಪ ಮುರುಟಿಕೊಂಡಿದೆ. ಅವತ್ತು ಅಲಾರಂ ಇಟ್ಟು ಎದ್ದೆವು. ಹೆಂಡತಿ, ಮಗಳು ಮಲಗಿದ್ದರು, ಆದ್ದರಿಂದ ಟಿವಿ ಸೌಂಡ್ ಕಮ್ಮಿ. ಅಪ್ಪ ಸ್ವೆಟರ್ ಹಾಕಿ, ತಲೆಗೆ ಮಫ್ಲರ್ ಸುತ್ತಿಕೊಂಡು, ಫ್ಲಾಸ್ಕ್‌ನ ಕಾಫಿ ಮುಂದಿಟ್ಟುಕೊಂಡು ಕೂತರು. ರಿಯಾದ್‌ನಲ್ಲಿ ಹಾಡು, ಕುಣಿತ, ಬೆಳಕಿನಾಟ ಮುಗಿಯುವುದೇ ಇಲ್ಲ. ಫ್ಲಾಸ್ಕ್ ಖಾಲಿಯಾಯಿತು. ಕೊನೆಗೆ ಇಬ್ಬರೂ ರಿಂಗಿಗೆ ಬಂದರು. ಎಂಗಾನು ಇದುವರೆಗೆ ಒಂದು ಬಾಕ್ಸಿಂಗ್ ಪಂದ್ಯವನ್ನೂ ಆಡಿಲ್ಲವಂತೆ ಅಂತ ನಾನು ಹೇಳಿದೆ. ಅಪ್ಪ ಲೋಟ ಕೆಳಗಿಟ್ಟು ಕೇಳಿದ್ದು ಒಂದೇ ಮಾತು: "ಯಾರ್ಲಾ ಈ ಜೋಡಿ ಕಟ್ದೋನು?"

ನೀವು ಮೈಸೂರಿನವರಲ್ಲದಿದ್ದರೆ ಈ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ಇಲ್ಲಿ ದಸರಾ ಕುಸ್ತಿಗೆ ಮುಂಚೆ ಜೋಡಿ ಕಟ್ಟುವುದು ಅಂತ ಒಂದು ದಿನ ಇರುತ್ತದೆ. ಊರೂರಿನ ಪೈಲ್ವಾನರು ಬಂದು ನಿಲ್ಲುತ್ತಾರೆ. ತೂಕ ನೋಡುತ್ತಾರೆ, ಎಷ್ಟು ವರ್ಷದಿಂದ ಆಡುತ್ತಿದ್ದಾನೆ, ಯಾರನ್ನು ಕೆಡವಿದ್ದಾನೆ ಅಂತ ಕೇಳುತ್ತಾರೆ. ಸಮ ಅನ್ನಿಸಿದರೆ ಇಬ್ಬರೂ ಎಲ್ಲರ ಎದುರು ಕೈ ಕುಲುಕುತ್ತಾರೆ. ಜೋಡಿ ಕಟ್ಟಿತು. ಜೋಡಿ ಸರಿ ಇಲ್ಲದಿದ್ದರೆ ಸುತ್ತ ನಿಂತ ಉಸ್ತಾದರೇ ಗಲಾಟೆ ತೆಗೆಯುತ್ತಾರೆ. ಅಪ್ಪನ ಪ್ರಕಾರ ಕುಸ್ತಿ ಅರ್ಧ ಅಲ್ಲೇ ಮುಗಿದಿರುತ್ತದೆ. ಫ್ಯೂರಿ, ಎಂಗಾನು ಇಬ್ಬರೂ 120 ಕೆ.ಜಿ. ಮೇಲಿದ್ದರು. ತೂಕದ ಲೆಕ್ಕ ಸರಿಯೇ. ಮಿಕ್ಕದ್ದು?

ಇಲ್ಲಿ ನಾನು ಪ್ರಾಮಾಣಿಕವಾಗಿ ಒಂದು ಒಪ್ಪಿಕೊಳ್ಳಬೇಕು. ಮೂರನೇ ಸುತ್ತಿನಲ್ಲಿ ಎಂಗಾನುವಿನ ಎಡಗೈ ಹುಕ್ ಬಿತ್ತು ನೋಡಿ, ಫ್ಯೂರಿ ಕೆಳಗೆ ಕೂತೇಬಿಟ್ಟ. 6 ಅಡಿ 9 ಅಂಗುಲದ ಮನುಷ್ಯ! ಅಪ್ಪ ಮಂಡಿನೋವು ಮರೆತು ಎದ್ದು ನಿಂತರು. ನಾನು ಕೂಗಿದ ಕೂಗಿಗೆ ಮಗಳು ಎದ್ದು ಅಳೋಕೆ ಶುರು ಮಾಡಿದಳು. ಅಂಥ ಕ್ಷಣ ನೋಡಿ ತುಂಬಾ ವರ್ಷ ಆಗಿತ್ತು. ನಿಮ್ಮ ಸಹಾಯವಾಣಿಯ ಹುಡುಗನೂ ಫೋನಿನಲ್ಲಿ ಇದನ್ನೇ ಹೇಳಿದ: "ಸರ್, ಅಷ್ಟು ಒಳ್ಳೆ ಫೈಟ್ ಆಯ್ತಲ್ವಾ ಸರ್, ಇನ್ನೇನು ಬೇಕು?" ಒಳ್ಳೆಯ ಹುಡುಗ, ಅವನ ಮೇಲೆ ನನ್ನ ದೂರಿಲ್ಲ.

ಅವನಿಗೆ ಫೋನಿನಲ್ಲಿ ಹೇಳಲು ಆಗದ್ದನ್ನು ಇಲ್ಲಿ ಹೇಳುತ್ತೇನೆ. ಕೊನೆಗೆ ಮೂವರು ತೀರ್ಪುಗಾರರಲ್ಲಿ ಇಬ್ಬರು ಫ್ಯೂರಿಗೆ ಕೊಟ್ಟರು, 96-93 ಮತ್ತು 95-94. ಮೂರನೆಯವರು 95-94 ಅಂತ ಎಂಗಾನುಗೇ ಕೊಟ್ಟರು. ಆ ಎರಡನೆಯ ತೀರ್ಪುಗಾರ ಒಂದೇ ಒಂದು ಸುತ್ತನ್ನು ಆ ಕಡೆ ಬರೆದಿದ್ದರೆ ಎಂಗಾನು ಗೆದ್ದಿರುತ್ತಿದ್ದ. ಗೆದ್ದು ಏನು ಮಾಡುತ್ತಿದ್ದ? ಬೆಲ್ಟ್ ಆಗಲೂ ಫ್ಯೂರಿ ಮನೆಯಲ್ಲೇ ಇರುತ್ತಿತ್ತು. 'ಪಟ್ಟ ಯಾರಿಗೆ?' ಅಂತ ನೀವು ಕೇಳಿದ ಪ್ರಶ್ನೆಗೆ ಉತ್ತರ ಮೊದಲೇ ಬರೆದಿಟ್ಟಿತ್ತು. ಪಂದ್ಯ ಚೆನ್ನಾಗಿ ಆಗಿದ್ದು ಎಂಗಾನುವಿನ ಗುಣ. ಅದನ್ನು ನಿಮ್ಮ ಜಾಹೀರಾತಿನ ಖಾತೆಗೆ ಜಮಾ ಮಾಡಿಕೊಳ್ಳಬೇಡಿ.

ಇದು ಮೊದಲ ಸಲ ಆಗಿದ್ದರೆ ಸುಮ್ನೆ ಬಿಡುತ್ತಿದ್ದೆ. ಕಳೆದ ಡಿಸೆಂಬರ್ 3ರ ಪಂದ್ಯಕ್ಕೂ ನಿಮಗೇ ದುಡ್ಡು ಕಟ್ಟಿದ್ದೆ. ಲಂಡನ್ನಿನ ಟಾಟೆನ್‌ಹ್ಯಾಮ್ ಕ್ರೀಡಾಂಗಣ, ಚಳಿಯಲ್ಲಿ ಜನಸಾಗರ. ಫ್ಯೂರಿಗೆ ಎದುರಾಳಿ ಡೆರೆಕ್ ಚಿಸೋರಾ. ನಿಮ್ಮ ಪುಟದಲ್ಲಿ 'ಹಳೆಯ ಹಗೆ, ಹೊಸ ಕದನ' ಅಂತ ಇತ್ತು, '33 ಗೆಲುವುಗಳ ಸರದಾರ' ಅಂತಲೂ ಇತ್ತು. ಚಿಸೋರಾನ ಆ 33 ಗೆಲುವು ಸುಳ್ಳಲ್ಲ. ಅದರ ಪಕ್ಕದ 12 ಸೋಲು ಎಲ್ಲಿ ಹೋಯಿತು? ಅದರಲ್ಲಿ ಎರಡು ಇದೇ ಫ್ಯೂರಿ ಕೈಯಲ್ಲಿ. 2011ರಲ್ಲಿ ಅಂಕದ ಮೇಲೆ, 2014ರಲ್ಲಿ 10 ಸುತ್ತಾದ ಮೇಲೆ ಚಿಸೋರಾ ಕಡೆಯವರೇ ಸಾಕು ಅಂದಿದ್ದರು. ಫ್ಯೂರಿ ಎದುರು ಮೂರನೇ ಸಲ ನಿಲ್ಲುವ ಮುಂಚಿನ ನಾಲ್ಕು ಪಂದ್ಯದಲ್ಲಿ ಉಕ್ರೇನಿನ ಒಲೆಕ್ಸಾಂಡರ್ ಉಸಿಕ್ ಹತ್ತಿರ ಒಂದು, ಜೋಸೆಫ್ ಪಾರ್ಕರ್ ಹತ್ತಿರ ಎರಡು ಸೋತಿದ್ದ. ಪುಲೆವ್ ಮೇಲೆ ಒಂದು ಕಷ್ಟದ ಗೆಲುವು. ಆಮೇಲೆ ನೇರ ವಿಶ್ವಪಟ್ಟಕ್ಕೆ!

ಆ ಪಂದ್ಯ ನೋಡೋಕೇ ಆಗಲಿಲ್ಲ. ಚಿಸೋರಾ ಧೈರ್ಯಸ್ಥ, ಬಿಡಲಿಲ್ಲ. ಒಂದು ಕಣ್ಣು ಊದಿ ಮುಚ್ಚಿಹೋಗುತ್ತಿತ್ತು, ಆದರೂ ಮುಂದೆ ಮುಂದೆ ಬರುತ್ತಿದ್ದ. ರೆಫರಿ ಹತ್ತನೇ ಸುತ್ತಿನ ಕೊನೆಗೆ ನಿಲ್ಲಿಸಿದಾಗ ಅಪ್ಪ 'ಪಾಪ' ಅಂದರು. ಹೆವಿವೇಟ್ ಪಟ್ಟದ ಪಂದ್ಯ ನೋಡಿ ಬಾಯಿಗೆ ಬರೋದು 'ಪಾಪ' ಆದರೆ ಏನೋ ತಪ್ಪಾಗಿದೆ ಅಲ್ವಾ? ಇನ್ನೊಂದು ತಮಾಷೆ. ನಿಜವಾದ ಎದುರಾಳಿ, ಮಿಕ್ಕ ದೊಡ್ಡ ಬೆಲ್ಟ್‌ಗಳನ್ನೆಲ್ಲ ಇಟ್ಟುಕೊಂಡಿದ್ದ ಉಸಿಕ್, ಅಲ್ಲೇ ರಿಂಗ್ ಪಕ್ಕದಲ್ಲಿ ಕೂತಿದ್ದ. ಪಂದ್ಯ ಮುಗಿದ ಮೇಲೆ ಫ್ಯೂರಿ ಅವನ ಮುಖಕ್ಕೆ ಮುಖ ಕೊಟ್ಟು ಬೈದ. ಉಸಿಕ್ ಕಣ್ಣು ಮಿಟುಕಿಸದೆ ನೋಡುತ್ತಾ ನಿಂತ. ಇಡೀ ರಾತ್ರಿಗೆ ಅದೊಂದೇ ನೋಡುವಂಥದ್ದು, ಅದರಲ್ಲೂ ಒಂದು ಏಟೂ ಬೀಳಲಿಲ್ಲ.

ಫ್ಯೂರಿ ಹೆದರುಪುಕ್ಕಲ ಅಂತ ನಾನು ಹೇಳುತ್ತಿಲ್ಲ. 2015ರಲ್ಲಿ ಜರ್ಮನಿಯ ಡ್ಯೂಸೆಲ್‌ಡಾರ್ಫ್‌ಗೆ ಹೋಗಿ, ಆಗಿನ ಚಾಂಪಿಯನ್ ಕ್ಲಿಚ್ಕೊನನ್ನು ಸೋಲಿಸಿದವನು. ಡಿಯಾಂಟೆ ವೈಲ್ಡರ್ ಜತೆ ಮೂರು ಸಲ ಬಡಿದಾಡಿದವನು, 2021ರ ಆ ಮೂರನೇ ಪಂದ್ಯದಲ್ಲಿ ತಾನೂ ಬಿದ್ದೆದ್ದು ಗೆದ್ದವನು. ಚಿಸೋರಾಗೆ ಮುಂಚೆ ಮಾಜಿ ಚಾಂಪಿಯನ್ ಆಂಟನಿ ಜೋಶುವಾ ಜತೆ ಮಾತುಕತೆ ನಡೆಯಿತು, ಮುರಿಯಿತು. ಈ ವರ್ಷದ ಶುರುವಿನಲ್ಲಿ ಉಸಿಕ್ ಜತೆ ನಡೆಯಿತು. ಬರುವ ದುಡ್ಡಿನಲ್ಲಿ ನೂರಕ್ಕೆ ನನಗೆ 70, ನಿನಗೆ 30 ಅಂದ ಫ್ಯೂರಿ. ಉಸಿಕ್ ಅದಕ್ಕೂ ಹೂಂ ಅಂದ. ಆದರೂ ಮುರಿಯಿತು. ಯಾರ ತಪ್ಪು ಎಷ್ಟು ಅನ್ನೋದು ಅವರವರ ವಕೀಲರಿಗೆ ಬಿಟ್ಟಿದ್ದು.

ಹಿಂದೆಯೂ ಚಾಂಪಿಯನ್‌ಗಳು ದುರ್ಬಲರ ಜತೆ ಆಡಿಲ್ಲವೇ ಅಂದರೆ, ಧಾರಾಳವಾಗಿ ಆಡಿದ್ದಾರೆ. ಜೋ ಲೂಯಿಸ್ 25 ಸಲ ಪಟ್ಟ ಉಳಿಸಿಕೊಂಡವನು. ಒಂದು ಕಾಲದಲ್ಲಿ ಅವನ ಎದುರಾಳಿಗಳಿಗೆ 'ತಿಂಗಳಿಗೊಬ್ಬ ಬಡಪಾಯಿ' ಅಂತಲೇ ಪತ್ರಿಕೆಯವರು ಹೆಸರಿಟ್ಟಿದ್ದರು. ಆದರೆ ಲೆಕ್ಕ ನೋಡಿ. 1940ರ ಡಿಸೆಂಬರ್‌ನಿಂದ 1941ರ ಜೂನ್ ತನಕ ಏಳು ತಿಂಗಳಲ್ಲಿ ಏಳು ಸಲ ಪಟ್ಟ ಪಣಕ್ಕಿಟ್ಟ. ಏಳನೆಯವನು ಬಿಲ್ಲಿ ಕಾನ್. ಅವನು 12 ಸುತ್ತು ಮುಗಿದಾಗ ಅಂಕದಲ್ಲಿ ಮುಂದಿದ್ದ, 13ರಲ್ಲಿ ಬಿದ್ದ. ದಿನಾ ಅಡುಗೆ ಮಾಡುವವನು ನಡುವೆ ಒಂದು ದಿನ ಬರೀ ಚಿತ್ರಾನ್ನ ಮಾಡಿದರೆ ಯಾರೂ ಕೇಳುವುದಿಲ್ಲ. ಫ್ಯೂರಿ 2022ರಲ್ಲಿ ಎರಡು ಸಲ ರಿಂಗಿಗೆ ಇಳಿದ, ಈ ವರ್ಷ ಇಲ್ಲಿಯವರೆಗೆ ಒಂದು ಸಲ. ವರ್ಷಕ್ಕೊಂದೇ ಹಬ್ಬ ಮಾಡುವವನು ಆವತ್ತಾದರೂ ಹೋಳಿಗೆ ಮಾಡಬೇಕಲ್ವಾ?

ನಿಮ್ಮ ಹುಡುಗ ಇನ್ನೊಂದು ವಾದವನ್ನೂ ಇಟ್ಟ. "ಆ್ಯಂಡಿ ರೂಯಿಜ್‌ನೂ ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ ಸರ್, ಜೋಶುವಾನ ಹೊಡೆದು ಹಾಕಲಿಲ್ವಾ?" ಸರಿಯಾದ ಮಾತು. 2019ರ ಜೂನ್ 1, ನ್ಯೂಯಾರ್ಕ್. ಬೇರೆಯವನ ಬದಲಿಗೆ ಕಡೆ ಗಳಿಗೆಯಲ್ಲಿ ಬಂದವನು ರೂಯಿಜ್. ಆದರೆ ಅವನ ಲೆಕ್ಕ ಆಗಲೇ 32 ಗೆಲುವು, ಒಂದು ಸೋಲು. ಆ ಒಂದೂ 2016ರಲ್ಲಿ ಪಟ್ಟಕ್ಕಾಗಿ ಪಾರ್ಕರ್ ಜತೆ ಆಡಿ, ಕೂದಲೆಳೆಯಲ್ಲಿ ಕಳೆದುಕೊಂಡದ್ದು. ಲೆಕ್ಕ ಕಣ್ಣ ಮುಂದೆಯೇ ಇತ್ತು. ನಾವೆಲ್ಲ ಅವನ ಹೊಟ್ಟೆ ನೋಡಿ ನಕ್ಕೆವು, ಲೆಕ್ಕ ನೋಡಲಿಲ್ಲ. ನಾನು ಕೇಳುತ್ತಿರುವುದು ಆ ಲೆಕ್ಕವನ್ನೇ. ಹೆಸರುವಾಸಿ ಎದುರಾಳಿ ಬೇಕು ಅಂತ ನಾನು ಹಟ ಹಿಡಿದಿಲ್ಲ. ಯಾರಾದರೂ ಇರಲಿ, ಅವನ ಲೆಕ್ಕವನ್ನು ಪೂರ್ತಿ ಮುಂದಿಡಿ. ಕೊಳ್ಳುವುದೋ ಬಿಡುವುದೋ ನಾನು ನೋಡಿಕೊಳ್ಳುತ್ತೇನೆ.

ಚಾಂಪಿಯನ್ ಯಾರ ಜತೆ ಆಡಬೇಕು ಅಂತ ನಿರ್ಧರಿಸುವುದು ನೀವಲ್ಲ, ಗೊತ್ತು. ಅದು ಪ್ರವರ್ತಕರು, ಬೆಲ್ಟ್ ಕೊಡುವ ಸಂಸ್ಥೆಗಳು, ಈಗ ರಿಯಾದ್‌ನ ದುಡ್ಡು, ಇವರೆಲ್ಲರ ವ್ಯವಹಾರ. ಆದರೆ ಆ ಜೋಡಿಯನ್ನು ನನ್ನ ಮನೆಗೆ ತಂದು 'ಸಮಬಲ' ಅಂತ ಮಾರಿದವರು ನೀವು. ಎಂಗಾನು ಎಂಎಂಎಯಿಂದ ಬಂದವನು, ಮೊದಲ ಬಾಕ್ಸಿಂಗ್ ಪಂದ್ಯ, ಬೆಲ್ಟ್ ಪಣಕ್ಕಿಲ್ಲ, ಆದರೆ ಕೈಯಲ್ಲಿ ಸಿಡಿಲಿದೆ ಅಂತ ನೇರವಾಗಿ ಬರೆದಿದ್ದರೆ? ನಾನು ಆಗಲೂ ಕೊಳ್ಳುತ್ತಿದ್ದೆನೋ ಏನೋ. ಕುತೂಹಲಕ್ಕಾದರೂ. ಆಗ ಈ ಕಾಗದ ಬರೆಯುವ ಕೆಲಸ ಇರುತ್ತಿರಲಿಲ್ಲ.

ನನಗೆ ಬೇಕಾದ್ದು ಇಷ್ಟು. 899 ರೂಪಾಯಿ ನಾನು ಕಟ್ಟಿದ ಖಾತೆಗೇ ವಾಪಸ್ ಹಾಕಿ. ಕೂಪನ್ ಬೇಡ, ಅದನ್ನು ಬಳಸಿಲ್ಲ, ರದ್ದು ಮಾಡಿ. ಇನ್ನು ಮುಂದೆ 'ಈಗಲೇ ಕೊಳ್ಳಿ' ಗುಂಡಿಯ ಮೇಲ್ಗಡೆಯೇ, ಅದೇ ಅಕ್ಷರದ ಅಳತೆಯಲ್ಲಿ, ಬೆಲ್ಟ್ ಪಣಕ್ಕಿದೆಯೋ ಇಲ್ಲವೋ, ಎಷ್ಟು ಸುತ್ತು, ಇಬ್ಬರ ಬಾಕ್ಸಿಂಗ್ ಲೆಕ್ಕ ಸೋಲೂ ಸೇರಿ ಎಷ್ಟು, ಇವರಿಬ್ಬರು ಹಿಂದೆ ಆಡಿದ್ದರೆ ಏನಾಯಿತು ಅಂತ ಹಾಕಿ. ನಾಲ್ಕು ಸಾಲು. 30 ದಿನದಲ್ಲಿ ಉತ್ತರ ಬಾರದಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ನಿವೃತ್ತಿ ಆದ ಅಪ್ಪ ಮನೆಯಲ್ಲಿದ್ದಾರೆ, ಓಡಾಡೋಕೆ ಅವರಿಗೆ ಟೈಮು ಜಾಸ್ತಿ.

ಫ್ಯೂರಿ, ಉಸಿಕ್ ಇಬ್ಬರೂ ಈಗ ಸಹಿ ಹಾಕಿದ್ದಾರೆ ಅನ್ನುವ ಸುದ್ದಿ ನೋಡಿದೆ. 1999ರಲ್ಲಿ ಲೆನಾಕ್ಸ್ ಲೂಯಿಸ್, ಹೋಲಿಫೀಲ್ಡ್‌ನನ್ನು ಸೋಲಿಸಿ ಎಲ್ಲ ದೊಡ್ಡ ಬೆಲ್ಟ್‌ಗಳನ್ನೂ ಒಟ್ಟು ಮಾಡಿದ ಮೇಲೆ, ಹೆವಿವೇಟ್‌ನಲ್ಲಿ ಅಂಥ ಜೋಡಿ ಕಟ್ಟಿಲ್ಲ. ಅದು ನಿಮ್ಮಲ್ಲಿ ಬಂದರೆ 899 ಅಲ್ಲ, ಇನ್ನೂ ನೂರು ಜಾಸ್ತಿ ಹೇಳಿದರೂ ಕಟ್ಟುತ್ತೇನೆ. ತಾರೀಕು ಗೊತ್ತಾದರೆ ತಿಳಿಸಿ, ಅಪ್ಪ ದಿನಾ ಕೇಳುತ್ತಿದ್ದಾರೆ.

ಇಂತಿ ನಿಮ್ಮ ಗ್ರಾಹಕ,
(ಹೆಸರು ಮತ್ತು ಗ್ರಾಹಕ ಸಂಖ್ಯೆ ಲಕೋಟೆಯ ಹಿಂದೆ ಬರೆದಿದ್ದೇನೆ)

ಲಗತ್ತು: ಅಕ್ಟೋಬರ್ 25ರ ಸ್ಕ್ರೀನ್‌ಶಾಟ್, ಕಳೆದ ಡಿಸೆಂಬರ್‌ನ ಸ್ಕ್ರೀನ್‌ಶಾಟ್, ಹಣ ಕಟ್ಟಿದ ಎರಡು ರಸೀದಿ, ಮತ್ತು ನಿಮ್ಮ ಕೂಪನ್.